ಜೀವ ಇಳಿಸುವ ಹಗ್ಗ

ತಂದೆ ಶಾಂತಿನಾಥಯ್ಯನವರು ಬಾವಿಗೆ ಇಳಿಬಿಟ್ಟ ಚೆಂಬಿನ ಸಣ್ಣ ದಾರವನ್ನು ಜಗ್ಗಿದ್ದು, ಹಿತ್ತಲ ಬಾಗಿಲಲ್ಲಿ ಹಲ್ಲುಜ್ಜುತ್ತ ನಿಂತಿದ್ದ ಪ್ರಭಾಚಂದ್ರನಿಗೆ ಕಾಣಿಸಿತು. ಬಾವಿಯೊಳಗಿಂದ ನೀರಿನ ಸದ್ದು ಬಂದದ್ದು ಸ್ವಲ್ಪ ತಡೆದು. ರೆಪ್ಪೆ ಬಡಿಯುವಷ್ಟು ಹೊತ್ತು, ಅಷ್ಟೇ. ಬೇರೆ ಯಾರಿಗೂ ಅದು ತಿಳಿಯುತ್ತಿರಲಿಲ್ಲ. ಹನ್ನೊಂದು ವರ್ಷದಿಂದ ಊರೂರಿನ ಬಾವಿಗಳ ನೀರು ಅಳೆದು, ಅವಕ್ಕೆ ಕಿವಿಕೊಟ್ಟು ಅನ್ನ ಉಣ್ಣುತ್ತಿದ್ದವನಿಗೆ ತಿಳಿಯಿತು.

ತಂದೆಗೆ ತಿಳಿದಿರಲಿಲ್ಲ. ಅವರ ಕಿವಿ ಮಂದವಾಗಿ ಆರೇಳು ವರ್ಷವಾಗಿತ್ತು. ಅವರು ಹಗ್ಗವನ್ನು ಸುತ್ತಿ ಸುತ್ತಿ ಮೇಲೆಳೆದರು. ಖಾಲಿಯಾದ ತಾಮ್ರದ ಚೆಂಬನ್ನು ಬಾವಿಕಟ್ಟೆಯ ಮೇಲೆ ಬೋರಲು ಹಾಕಿದರು. ಕಣ್ಣು ಮುಚ್ಚಿ ಣಮೋಕಾರ ಮಂತ್ರವನ್ನು ಮೂರು ಸಲ ಹೇಳಿಕೊಂಡರು. ಮುಖದಲ್ಲಿ, ಒಪ್ಪಿಕೊಂಡ ಕೆಲಸವನ್ನು ತಪ್ಪದೆ ಮಾಡಿದವನ ನೆಮ್ಮದಿ ಇತ್ತು.

ಜೈನರ ಆ ಮನೆಯಲ್ಲಿ ಬಾವಿಯ ನೀರನ್ನು ಎರಡು ಮಡಿಕೆಯ ಬಟ್ಟೆಯಲ್ಲಿ ಸೋಸದೆ ಯಾರೂ ಬಾಯಿಗೆ ಇಟ್ಟವರಲ್ಲ. ಸೋಸಿದ ಮೇಲೆ ಬಟ್ಟೆಯಲ್ಲಿ ಕಣ್ಣಿಗೆ ಕಾಣದ ಜೀವಗಳು ಉಳಿದಿರುತ್ತವೆ. ಬಟ್ಟೆಯ ಮೇಲೆ ಸೋಸಿದ ನೀರನ್ನೇ ಹೊಯ್ದು, ಅವನ್ನು ಚೆಂಬಿಗೆ ಇಳಿಸಿಕೊಂಡು, ಬಂದ ಬಾವಿಗೇ ಮರಳಿಸಬೇಕು. ಮೇಲಿನಿಂದ ಸುರಿಯುವ ಹಾಗಿಲ್ಲ. ಸುರಿದರೆ ಬಿದ್ದ ಪೆಟ್ಟಿಗೇ ಅವು ಸಾಯುತ್ತವೆ. ಅದಕ್ಕಾಗಿ ಚೆಂಬಿನ ಕತ್ತಿಗೆ ಒಂದು ಹಗ್ಗ, ತಳದ ಬಳೆಗೆ ಒಂದು ಸಣ್ಣ ದಾರ. ಚೆಂಬು ನೀರನ್ನು ಮುಟ್ಟುವ ತನಕ ಹಗ್ಗದಲ್ಲಿ ಇಳಿಸಿ, ಮುಟ್ಟಿದ ಮೇಲೆ ದಾರ ಜಗ್ಗಿ ಮೆಲ್ಲನೆ ಮಗುಚಬೇಕು. ಇದಕ್ಕೆ ಆ ಮನೆಯ ಹೆಂಗಸರು ಜೀವ ಇಳಿಸುವುದು ಎನ್ನುತ್ತಿದ್ದರು.

ನಲವತ್ತೆರಡು ವರ್ಷ ಈ ಕೆಲಸ ಮಾಡಿದವಳು ಪ್ರಭಾಚಂದ್ರನ ತಾಯಿ ರಾಜಮತಿ. ಹೋದ ವರ್ಷದ ಮಾಘದ ಕೊನೆಯಲ್ಲಿ ತೀರಿಕೊಂಡಳು. ಕೊನೆಯ ವಾರದಲ್ಲಿ ಅವಳಿಗೆ ಗಂಡನ ಚಿಂತೆಯಾಗಲಿ ಮಕ್ಕಳ ಚಿಂತೆಯಾಗಲಿ ಇರಲಿಲ್ಲ. "ನಾಳೆಯಿಂದ ಜೀವ ಇಳಿಸೋರು ಯಾರು?" ಎಂದು ಮೂರು ಸಲ ಕೇಳಿದಳು. ಹಿರಿಯ ಮಗ ಪದ್ಮಕುಮಾರನ ಹೆಂಡತಿ ಕಾಂಚನಮಾಲಾಳ ಕೈಗೆ ವಾತ ಹಿಡಿದಿತ್ತು. ಕೊಬ್ಬರಿ ಮಂಡಿಯಲ್ಲಿ ಜೀವಮಾನ ಕಳೆದು, ಬಾವಿಯ ಹಗ್ಗವನ್ನು ಎಂದೂ ಮುಟ್ಟದಿದ್ದ ಶಾಂತಿನಾಥಯ್ಯನವರು, "ನಾನಿದ್ದೀನಲ್ಲ" ಎಂದರು. ಅವಳು ನಂಬಿದಳೋ ಇಲ್ಲವೋ, ಹಗ್ಗವನ್ನು ಹಾಸಿಗೆಗೆ ತರಿಸಿಕೊಂಡು, ಅದಕ್ಕೆ ಕಟ್ಟಿದ್ದ ಬಟ್ಟೆಯ ಚೂರುಗಳನ್ನು ಒಂದೊಂದಾಗಿ ತೋರಿಸಿ ಪಾಠ ಹೇಳಿದಳು. ಹಸಿರಂಚಿನದು ಚೈತ್ರ. ಅರಿಶಿನದ್ದು ವೈಶಾಖ. ನೇರಿಳೆ ಬಣ್ಣದ್ದು ಫಾಲ್ಗುಣ. ಆಯಾ ತಿಂಗಳ ಚೂರು ಬಾವಿಯಂಚಿನ ಕಲ್ಲಿಗೆ ಬಂದರೆ ಚೆಂಬು ನೀರು ಮುಟ್ಟಿತು ಎಂದು ಅರ್ಥ. ಗಂಡ ಶಾಲೆಯ ಹುಡುಗನ ಹಾಗೆ ಒಪ್ಪಿಸಿದರು. ಎರಡು ಸಲ ಶ್ರಾವಣ ತಪ್ಪಿ ಬೈಸಿಕೊಂಡರು.

ವರ್ಷ ತುಂಬಿದ್ದಕ್ಕೆ ಬಸದಿಯಲ್ಲಿ ಅಭಿಷೇಕ ಮಾಡಿಸಲೆಂದು ಪ್ರಭಾಚಂದ್ರ ಬಂದಿದ್ದ. ಅರಸೀಕೆರೆಗೆ ರೈಲು, ಅಲ್ಲಿಂದ ಜಾವಗಲ್ಲಿನ ಮೇಲೆ ಹಳೇಬೀಡಿಗೆ ಬಸ್ಸು. ಮೂರು ದಿನ ಮನೆ ತುಂಬ ನೆಂಟರು. ಅವರೆಲ್ಲ ಹೊರಟುಹೋಗಿ, ಬೆಳಗಿನ ಸದ್ದುಗಳು ಬಿಡಿಬಿಡಿಯಾಗಿ ಕೇಳಿಸಿದ್ದು ಇವತ್ತೇ ಮೊದಲು.

ತಂದೆ ಪಂಚೆ ಉಟ್ಟು ಬಸ್ತಿಹಳ್ಳಿಯ ಬಸದಿಯ ಕಡೆ ಹೊರಟ ಮೇಲೆ ಅವನು ಬಾವಿಯ ಹತ್ತಿರ ಬಂದು ಇಣುಕಿದ. ಒಗೆಯುವ ಕಲ್ಲಿನ ಮುಂದೆ ಕೂತಿದ್ದ ಮಾದಮ್ಮ ತಲೆಯೆತ್ತಿದಳು. ಅವನು ತೊಟ್ಟಿಲಲ್ಲಿದ್ದಾಗಿನಿಂದ ಆ ಮನೆಗೆ ನೀರು ಸೇದಿದವಳು ಅವಳು.

"ಏನ್ ಪ್ರಭಪ್ಪ, ಮನೇಗ್ ಬಂದ್ರೂ ಬಾವಿ ಇಣುಕೋದ್ ಬಿಡಕಿಲ್ವಾ? ಅಲ್ಲಿ ಸಂಬ್ಳ ಕೊಡ್ತಾರೆ, ಸರಿ. ಇಲ್ಲಿ ಕೊಡೋರ್ ಯಾರು?"

"ನೀನೇ ಕೊಡು. ಮಾದಮ್ಮ, ನೀರು ಸೇದೋ ಹಗ್ಗ ಉದ್ದ ಆಗಿದೆಯಲ್ಲ?"

"ನೀರು ಕೆಳೀಕ್ ಓದ್ರೆ ಹಗ್ಗ ಉದ್ದ ಆಗ್ಬೇಕಲ್ಲ. ದೀಪಾವಳಿ ಆಗಿ ಒಂದ್ ತಿಂಗ್ಳಿಗೆ ಒಂದ್ ತುಂಡು ಸೇರಿಸ್ದೆ. ಸಂಕ್ರಾಂತಿ ಆದ್ಮೇಲೆ ಇನ್ನೊಂದು."

"ಅಪ್ಪಾಜಿ ಚೆಂಬು ನೀರು ಮುಟ್ಟುತ್ತಾ?"

ಮಾದಮ್ಮ ಸೀರೆಯೊಂದನ್ನು ಹಿಂಡಿದಳು. ನೀರೆಲ್ಲ ಇಳಿದುಹೋದ ಮೇಲೂ ಹಿಂಡುತ್ತಲೇ ಇದ್ದಳು.

"ಮುಟ್ಟಕಿಲ್ಲ ಕಣಪ್ಪ. ಮ್ಯಾಲಿಂದ್ಲೇ ಬೀಳ್ತದೆ."

"ಹೇಳಲಿಲ್ವಾ ನೀನು?"

"ಏನಂತ ಏಳ್ಲಿ? ಅಮ್ಮೋರು ಓದ್ಮೇಲೆ ಯಜಮಾನ್ರು ಒಂದ್ ದಿನಾನಾದ್ರೂ ನೆಟ್ಟಗ್ ಉಂಡಿದ್ದ್ ಕಂಡಿದ್ದೀರಾ? ಈ ಚೆಂಬು ಇಳ್ಸಿ ಮ್ಯಾಕ್ ಬಂದಾಗ ಮಾತ್ರ ಮೊಕ ಅರಳ್ತದೆ. ನಿಮ್ಮ ಜಾತಿ ಪಾಪ ಪುಣ್ಯ ನಂಗೊತ್ತಿಲ್ಲ. ಆ ಮೊಕ ನೋಡಿ ನಾನು ಬಾಯಿ ಮುಚ್ಕಂಡೆ."

ಪ್ರಭಾಚಂದ್ರ ಒಳಗೆ ಹೋಗಿ ಚೀಲದಿಂದ ಅಳತೆಯ ಟೇಪು ತಂದ. ತುದಿಯಲ್ಲಿ ಹಿತ್ತಾಳೆಯ ಸಣ್ಣ ಗುಂಡು ಇರುವ ಟೇಪು. ಗುಂಡು ನೀರಿಗೆ ತಾಗಿದರೆ ಗೊಟಕ್ಕೆಂದು ಸದ್ದಾಗುತ್ತದೆ. ಎಷ್ಟೋ ಊರಿನ ಬಾವಿಗಳಲ್ಲಿ ಇಳಿಸಿದ್ದನ್ನು ಹುಟ್ಟಿದ ಮನೆಯ ಬಾವಿಯಲ್ಲಿ ಇದೇ ಮೊದಲ ಸಲ ಇಳಿಸಿದ. ಅಂಚಿನ ಕಲ್ಲಿನಿಂದ ಮೂವತ್ತಮೂರು ಅಡಿ. ಅಂದರೆ ಇಪ್ಪತ್ತೆರಡು ಮೊಳ.

ಗೂಟದಲ್ಲಿದ್ದ ತಾಯಿಯ ಹಗ್ಗವನ್ನು ತೆಗೆದು ಜಗಲಿಯ ಉದ್ದಕ್ಕೂ ಹಾಸಿದ. ಚಿಕ್ಕಂದಿನಿಂದ ಕಂಡಿದ್ದ ಹಗ್ಗವೇ. ಸವೆದಾಗಲೆಲ್ಲ ಅವಳು ಹೊಸ ಹಗ್ಗವನ್ನು ಪಕ್ಕದಲ್ಲಿ ಮಲಗಿಸಿ, ಹಳೆಯ ಓಲೆಗರಿ ನೋಡಿ ಹೊಸದಕ್ಕೆ ಬರೆದುಕೊಳ್ಳುವವರ ಹಾಗೆ, ಚೂರುಗಳನ್ನೆಲ್ಲ ಇದ್ದ ಜಾಗಕ್ಕೇ ದಾಟಿಸುತ್ತಿದ್ದಳು. ಆದರೆ ಇಷ್ಟು ಹತ್ತಿರದಿಂದ ಅವನೆಂದೂ ನೋಡಿರಲಿಲ್ಲ. ಒಂದು ತಿಂಗಳಿಗೆ ಒಂದೇ ಗುರುತಿರಲಿಲ್ಲ. ಫಾಲ್ಗುಣದ ನೇರಿಳೆ ಚೂರಿನ ಆಚೆ ಈಚೆ ಅದೇ ಬಣ್ಣದ ಎಳೆಗಳನ್ನು ಬಿಗಿಯಾಗಿ ಸುತ್ತಿ ಗಂಟು ಹಾಕಿತ್ತು. ಮಳೆ ಹೆಚ್ಚು ಕಡಿಮೆಯಾದ ವರ್ಷ ನೀರು ಒಂದು ಬೆರಳು ಮೇಲೆ ಬಂದರೆ ಅಲ್ಲೊಂದು ಎಳೆ, ಎರಡು ಬೆರಳು ಇಳಿದರೆ ಇಲ್ಲೊಂದು ಎಳೆ. ಅವನು ಎಣಿಸಿದ. ಇಪ್ಪತ್ತೊಂಬತ್ತು ಫಾಲ್ಗುಣಗಳಿದ್ದವು; ಉಳಿದ ವರ್ಷ ನೀರು ಹಳೆಯ ಗುರುತಿಗೇ ಬಂದಿತ್ತು. ಅಷ್ಟೂ ಒಂದೂವರೆ ಮೊಳದೊಳಗೆ ಅಡಗಿದ್ದವು. ನಡುವಿನ ಚೂರು ಹದಿನಾರು ಮೊಳಕ್ಕೆ.

ವೈಶಾಖದ ಕೊನೆಯ ಎಳೆಗೆ ಅವನ ಬೆರಳು ನಿಂತಿತು. ಮೂರು ವರ್ಷದ ಹಿಂದೆ ಮಳೆ ಕೈಕೊಟ್ಟು, ದೊಡ್ಡ ಕೆರೆಯ ನಡುವೆ ದನ ಮೇಯುತ್ತಿದ್ದ ಬೇಸಿಗೆಯದು. ಅದು ಇಪ್ಪತ್ತು ಮೊಳ. ಹಗ್ಗದಲ್ಲಿ ಅದಕ್ಕಿಂತ ಆಚೆ ಏನೂ ಇರಲಿಲ್ಲ. ಮುಂದಕ್ಕೆ ಇರಲಿ ಎಂದು ತಾಯಿ ಬಿಟ್ಟಿದ್ದ ಬರಿಯ ಹಗ್ಗವಷ್ಟೇ. ಈಗ ನೀರಿದ್ದದ್ದು ಅಲ್ಲಿ, ಆ ಬರಿಯ ಹಗ್ಗದಲ್ಲಿ. ಅದೂ ಫಾಲ್ಗುಣದಲ್ಲೇ.

ಕಾರ್ತಿಕದ ಚೂರು ನೀಲಿ ಗೆರೆಯ ಬಟ್ಟೆ. ಅದು ಅವನ ಹೈಸ್ಕೂಲಿನ ಅಂಗಿ. ಅಂಗಿ ಎಲ್ಲಿ ಹೋಯಿತೆಂದು ಅಂದು ಮನೆಯೆಲ್ಲ ಹುಡುಕಿ ಅತ್ತಿದ್ದ. "ಇಲಿ ಎಳ್ಕೊಂಡ್ ಹೋಗಿರ್ಬೇಕು ಕಣೋ" ಎಂದಿದ್ದಳು ತಾಯಿ. ಅವನು ಹಗ್ಗದ ಮುಂದೆ ಕೂತು ನಕ್ಕ. ನಗುತ್ತಿದ್ದ ಹಾಗೇ ಕಣ್ಣು ಒರೆಸಿಕೊಂಡ.

ಒಳಮನೆಯ ಮೇಜಿನ ಮೇಲೆ ಅವನ ಕಂಪನಿಯ ಕಾಗದಗಳಿದ್ದವು. ಗೋದಾವರಿಯ ಕಡೆ, ಕಾಡಂಚಿನಲ್ಲಿ ಒಂದು ಕಲ್ಲಿದ್ದಲ ಗಣಿ ತೆರೆಯಬೇಕಾಗಿತ್ತು. ತೆರೆಯುವ ಮುಂಚೆ ಸುತ್ತಲಿನ ಹನ್ನೊಂದು ಹಳ್ಳಿಗಳ ಬಾವಿ, ಹಳ್ಳ, ಕೆರೆಗಳಲ್ಲಿ ನೀರು ಎಷ್ಟಿದೆ, ಹೇಗಿದೆ ಎಂದು ಅಳೆದು ಬರೆದಿಡಬೇಕೆಂದು ದೆಹಲಿಯ ಸರ್ಕಾರದವರು ಹೊಸದಾಗಿ ಕೇಳುತ್ತಿದ್ದರು. ಹೇಗೆ ಅಳೆಯಬೇಕು, ಎಷ್ಟು ಸಲ ಅಳೆಯಬೇಕು ಎಂಬ ಯೋಜನೆಯನ್ನು ಬರೆಯುವ ಕೆಲಸ ಅವನದು. ನಲವತ್ತೆರಡು ಬಾವಿಗಳು, ಮೇ ತಿಂಗಳಲ್ಲಿ ಒಂದು ಸುತ್ತು, ಮುಗಿಯಿತು ಎಂದು ಮೇಲಧಿಕಾರಿ ಹೇಳಿ ಕಳಿಸಿದ್ದ. ವರ್ಷ ಪೂರ್ತಿ ಅಳೆಯುತ್ತ ಕೂತರೆ ಗಣಿ ಒಂದು ವರ್ಷ ಹಿಂದೆ ಬೀಳುತ್ತದೆ. ಅವನು ರೈಲಿನಲ್ಲೇ ಬರೆದು ಮುಗಿಸಿದ್ದ. ಶನಿವಾರದೊಳಗೆ ರಿಜಿಸ್ಟರ್ ಅಂಚೆಯಲ್ಲಿ ಹಾಕುವುದಷ್ಟೇ ಬಾಕಿ.

ಹನ್ನೆರಡಕ್ಕೆ ಅಣ್ಣ ಪದ್ಮಕುಮಾರ ತೋಟದಿಂದ ಊಟಕ್ಕೆ ಬಂದ. ಜಗಲಿಯಲ್ಲಿ ಹಾಸಿದ್ದ ಹಗ್ಗವನ್ನು ದಾಟಿ ಬಂದು, "ಇದೇನೋ, ಅಮ್ಮನ ಹಗ್ಗಾನ ಬಿಸಿಲಿಗೆ ಹಾಕಿದ್ದೀಯ?" ಎಂದ.

"ಅಣ್ಣಯ್ಯ, ತೋಟದಲ್ಲಿ ಬೋರು ಹಾಕಿಸಿದ್ದು ಯಾವಾಗ?"

"ದೀಪಾವಳಿ ಹಿಂದೆ ಮುಂದೆ. ಯಾಕೆ?"

"ಬಾವಿ ಆರು ಮೊಳ ಇಳಿದಿದೆ."

ಪದ್ಮಕುಮಾರ ಕಾಲು ತೊಳೆಯುತ್ತಿದ್ದವನು ತಂಬಿಗೆ ಕೆಳಗಿಟ್ಟ. "ಬೇಸಿಗೆ ಬಂದ್ರೆ ಬಾವಿ ಇಳಿಯುತ್ತಪ್ಪ. ಯಾವಾಗ್ಲೂ ಇಳೀತಿತ್ತು. ನಿಂಗೆ ಊರು ಬಿಟ್ಟು ಮರೆತುಹೋಗಿದೆ."

ಆ ಮಾತನ್ನು ಪ್ರಭಾಚಂದ್ರನೇ ಬರೆದಿದ್ದ. ಮೇಜಿನ ಮೇಲಿನ ಕಾಗದದ ನಾಲ್ಕನೆಯ ಪುಟದಲ್ಲಿ, ಇಂಗ್ಲಿಷಿನಲ್ಲಿ, ಇನ್ನಷ್ಟು ಚೆಂದವಾಗಿ. ಆ ಭಾಗದ ಬಾವಿಗಳು ಬೇಸಿಗೆಯಲ್ಲಿ ಸಹಜವಾಗಿಯೇ ಇಳಿಯುವುದರಿಂದ ಒಂದು ಸಲದ ಅಳತೆ ಸಾಕು ಎಂದು.

ಅವನು ಅಣ್ಣನ ಕೈ ಹಿಡಿದು ಜಗಲಿಗೆ ಕರೆದುಕೊಂಡು ಹೋಗಿ ಕೂರಿಸಿದ. ಇಪ್ಪತ್ತೊಂಬತ್ತು ಫಾಲ್ಗುಣಗಳನ್ನು ತೋರಿಸಿದ. ವೈಶಾಖದ ಕೊನೆಯ ಎಳೆಯನ್ನು ತೋರಿಸಿದ. ಆಮೇಲೆ ಈಗ ನೀರಿರುವ ಜಾಗದಲ್ಲಿ ಬೆರಳಿಟ್ಟ. ಪದ್ಮಕುಮಾರ ಹಗ್ಗದ ಉದ್ದಕ್ಕೂ ಕೈಯಾಡಿಸಿದ. ಅವನೂ ಒಂದು ಚೂರನ್ನು ಗುರುತಿಸಿದ್ದ. ಹೆಂಡತಿಯ ಧಾರೆ ಸೀರೆಯ ಸೆರಗಿನ ತುಂಡು.

"ಅಪ್ಪಾಜಿ ಚೆಂಬು?"

"ಒಂಬತ್ತು ಅಡಿ ಮೇಲೇ ಮಗುಚುತ್ತಿದೆ. ಕಾರ್ತಿಕ ಕಳೆದಾಗಿನಿಂದ."

"ದೇವರೇ." ಪದ್ಮಕುಮಾರ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಹೇಳಿಬಿಟ್ಟೀಯ, ಜೋಕೆ. ಗೊತ್ತಾದ್ರೆ ಆ ಮನುಷ್ಯ ಊಟ ಬಿಟ್ಟು ಕೂತ್ಕೊಳ್ತಾರೆ. ಒಂದು ಕೆಲಸ ಮಾಡು. ಆ ನೇರಿಳೆ ಚೂರು ಬಿಚ್ಚಿ ಆರು ಮೊಳ ಆಚೆ ಕಟ್ಟು. ನಾಳೆಯಿಂದ ಚೆಂಬು ತಾನೇ ನೀರು ಮುಟ್ಟುತ್ತೆ. ಜೀವಕ್ಕೂ ಹಿಂಸೆ ಇಲ್ಲ, ಅವರಿಗೂ ನೋವಿಲ್ಲ."

ಅದು ಒಳ್ಳೆಯ ಮಾತೇ. ಊಟವಾಗಿ ಅಣ್ಣ ಮತ್ತೆ ತೋಟಕ್ಕೆ ಹೋದ ಮೇಲೆ ಪ್ರಭಾಚಂದ್ರ ಹಗ್ಗದ ಮುಂದೆ ಕೂತು ನೇರಿಳೆ ಚೂರಿನ ಗಂಟಿಗೆ ಉಗುರು ಹಾಕಿದ. ಬಿಗಿ ಗಂಟು. ಒದ್ದೆಯಾಗಿ ಒಣಗಿ, ಒದ್ದೆಯಾಗಿ ಒಣಗಿ ಕಲ್ಲಾಗಿತ್ತು. ಒಂದು ಸುತ್ತು ಸಡಿಲವಾಯಿತು. ಬಟ್ಟೆಯ ಮಡಿಕೆಯೊಳಗೆ, ಬಿಸಿಲು ಕಾಣದ ಕಡೆ, ನೇರಿಳೆ ಬಣ್ಣ ಹೊಸ ಸೀರೆಯ ಹಾಗೆ ಹೊಳೆಯುತ್ತಿತ್ತು.

ಅವನ ಕೈ ನಿಂತುಹೋಯಿತು. ಇದನ್ನು ಬಿಚ್ಚಿ ಆಚೆ ಕಟ್ಟಿದರೆ ನಾಳೆ ನೋಡುವವರಿಗೆ ಬಾವಿ ಎಂದೂ ಇಲ್ಲೇ ಇತ್ತು ಎನಿಸುತ್ತದೆ. ತಾಯಿ ನಲವತ್ತೆರಡು ವರ್ಷ ಸುಳ್ಳು ಕಟ್ಟಿದಳು ಎಂದ ಹಾಗಾಗುತ್ತದೆ.

"ಅದು ಬಿಚ್ಚೋದಲ್ಲ ಕಣೋ."

ಶಾಂತಿನಾಥಯ್ಯನವರು ಹಿಂದೆ ನಿಂತಿದ್ದರು. ಬಸದಿಯಿಂದ ಬಂದು, ಬಾಳೆಹಣ್ಣು ತಿಂದು ಮಲಗಿದ್ದವರು ಎದ್ದು ಬಂದಿದ್ದರು.

ಪ್ರಭಾಚಂದ್ರ ಎದ್ದು ನಿಂತ. ಹೇಳಬಾರದು ಎಂದುಕೊಂಡಿದ್ದ. ಆದರೆ ತಂದೆ ಜಗಲಿಯ ಮೇಲೆ ಮಗನ ಟೇಪನ್ನು ನೋಡಿದರು. ಹಗ್ಗವನ್ನು ನೋಡಿದರು. ಮಗನ ಮುಖ ನೋಡಿದರು. ಕೊಬ್ಬರಿ ಬಡಿದು ಒಳಗಿನದನ್ನು ತಿಳಿಯುತ್ತಿದ್ದ ಮನುಷ್ಯ.

"ಎಷ್ಟು?" ಎಂದರು.

"ಆರು ಮೊಳ, ಅಪ್ಪಾಜಿ."

"ಜೋರಾಗಿ ಹೇಳು."

"ಆರು ಮೊಳ."

"ಯಾವಾಗಿನಿಂದ?"

"ಮೊದಮೊದಲು ಒಂದೋ ಎರಡೋ ಇದ್ದಿರಬೇಕು. ಕಾರ್ತಿಕ ಕಳೆದ ಮೇಲೆ."

ಶಾಂತಿನಾಥಯ್ಯನವರು ನಿಧಾನವಾಗಿ ಕೂತರು. ತಮ್ಮ ಎರಡೂ ಕೈಗಳನ್ನು ಮುಂದೆ ಚಾಚಿ ಬೆರಳುಗಳನ್ನು ನೋಡಿಕೊಂಡರು, ಅವು ಯಾರದೋ ಎಂಬ ಹಾಗೆ.

"ಅವಳಾಗಿದ್ರೆ ಮೊದಲನೇ ದಿನಾನೇ ಗೊತ್ತಾಗ್ತಿತ್ತು," ಎಂದರು. "ಚೆಂಬು ನೀರು ಮುಟ್ಟಿದಾಗ ಹಗ್ಗ ಉಸಿರು ಬಿಡುತ್ತೆ, ಕೈಗೆ ಹಗುರಾಗುತ್ತೆ ಅಂತಿದ್ಲು. ನನಗೆ ಆ ಉಸಿರು ಗೊತ್ತಾಗಲಿಲ್ಲ. ನಾನು ಬಟ್ಟೆ ನಂಬಿದೆ."

"ಅಮ್ಮ ಕಟ್ಟಿದ್ದು ತಪ್ಪಲ್ಲ, ಅಪ್ಪಾಜಿ. ನೀರು..."

"ಅವಳದು ತಪ್ಪು ಅಂತ ಯಾರಂದ್ರು?" ಅವರು ಸ್ವಲ್ಪ ಸಿಟ್ಟಿನಿಂದಲೇ ಹೇಳಿದರು. ಮಾದಮ್ಮ ಒಣಗಿದ ಬಟ್ಟೆ ತಂದವಳು ಬಾಗಿಲಲ್ಲೇ ನಿಂತಳು. ಅವರು ಅವಳ ಕಡೆ ತಿರುಗಿ, "ನಿನಗೂ ಗೊತ್ತಿತ್ತೇನೇ?" ಎಂದರು.

ಮಾದಮ್ಮ ನೆಲ ನೋಡಿದಳು. "ತಪ್ಪಾಯ್ತು ಬುದ್ಧಿ."

"ಅವಳಿದ್ದಿದ್ರೆ ನಮ್ಮಿಬ್ಬರನ್ನೂ ಸಾಲಾಗಿ ನಿಲ್ಲಿಸಿ ಬೈತಿದ್ಲು," ಎಂದು ಶಾಂತಿನಾಥಯ್ಯನವರು ಹೇಳಿದರು. ತುಟಿಯ ಕೊನೆಯಲ್ಲಿ ನಗುವಿನಂಥದೊಂದು ಬಂದು ಹೋಯಿತು. "ನಾಳೆ ಅಷ್ಟಮಿ, ಹೇಗೂ ಉಪವಾಸ. ನಾಡಿದ್ದೂ ಇರ್ತೀನಿ. ಈ ಉಪವಾಸದ್ದು ಪದ್ದುಗೆ ಹೇಳಬೇಡಿ, ಬೋರಿನ ತಪ್ಪನ್ನ ತಲೆ ಮೇಲೆ ಹೊತ್ಕೊಂಡು ಕೊರಗ್ತಾನೆ. ತೋಟದ ತೆಂಗಿನ ಸಸಿಗೂ ಜೀವ ಇದೆ, ಅವಕ್ಕೂ ನೀರು ಬೇಕು."

ಅವರು ಬಗ್ಗಿ ಮಗ ಸಡಿಲಿಸಿದ್ದ ಸುತ್ತನ್ನು ತಾವೇ ಬಿಗಿದರು. ಬೆರಳಿಗೆ ಶಕ್ತಿ ಸಾಲದೆ ಹಲ್ಲಿನಿಂದ ಎಳೆದರು. ಆಮೇಲೆ ಕೇಳಿದರು:

"ನೀನು ಹೋಗ್ತೀಯಲ್ಲ, ಇದ್ದಲಿನ ಊರು. ಅಲ್ಲಿ ಹೆಂಗಸರು ನೀರು ಸೇದೋ ಹಗ್ಗಕ್ಕೆ ಗುರುತು ಕಟ್ತಾರೋ?"

"ಇಲ್ಲ, ಅಪ್ಪಾಜಿ. ಅಲ್ಲಿ ಆ ಪದ್ಧತಿ ಇಲ್ಲ."

"ಮತ್ತೆ ಅವರ ಬಾವಿ ಇಳಿದ್ರೆ ಯಾರಿಗೆ ಗೊತ್ತಾಗುತ್ತೆ?"

ಅವರು ಅದನ್ನು ಸುಮ್ಮನೆ ತಿಳಿಯಲೆಂದು ಕೇಳಿದ್ದರು. ಉತ್ತರಕ್ಕೆ ಕಾಯಲೂ ಇಲ್ಲ. ಹೆಗಲ ಮೇಲಿನ ಬಿಳಿಯ ಉತ್ತರೀಯದ ಅಂಚನ್ನು ಹಿಡಿದು, "ಹರಿ ನೋಡೋಣ, ನನ್ನ ಕೈಲಿ ಆಗಲ್ಲ" ಎಂದು ಮಾದಮ್ಮನ ಕಡೆ ಚಾಚಿದರು. ಮಾದಮ್ಮ ಒಂದು ಬೆರಳಗಲ ಹರಿದು ಕೊಟ್ಟಳು. ಪ್ರಭಾಚಂದ್ರ ಟೇಪು ಹಿಡಿದು ಇಪ್ಪತ್ತೆರಡು ಮೊಳದ ಜಾಗ ತೋರಿಸಿದ. ತಂದೆ ಅಲ್ಲಿ, ರಾಜಮತಿಯ ಎಲ್ಲ ತಿಂಗಳುಗಳ ಆಚೆ, ಬಿಳಿಯ ಚೂರನ್ನು ಎರಡು ಗಂಟು ಹಾಕಿ ಕಟ್ಟಿದರು.

ಸಂಜೆಯ ಊಟ ಹೊತ್ತು ಮುಳುಗುವ ಮುಂಚೆಯೇ ಮುಗಿಯಿತು. ಉಳಿದ ಬೆಳಕಿನಲ್ಲಿ ಪ್ರಭಾಚಂದ್ರ ಮೇಜಿನ ಮುಂದೆ ಕೂತು ನಾಲ್ಕನೆಯ ಪುಟವನ್ನು ತೆಗೆದಿಟ್ಟು ಬೇರೆ ಹಾಳೆ ತೆಗೆದುಕೊಂಡ. ನಲವತ್ತೆರಡು ಬಾವಿಗಳಿಗೂ ತಿಂಗಳಿಗೊಂದು ಅಳತೆ, ಹನ್ನೆರಡು ತಿಂಗಳು. ಹಳ್ಳಗಳಿಗೆ ಮಳೆಗಾಲದಲ್ಲಿ ವಾರಕ್ಕೊಂದು, ಬೇಸಿಗೆಯಲ್ಲಿ ಹದಿನೈದು ದಿನಕ್ಕೊಂದು. ಕೆರೆಯ ತೂಬಿನ ಕಲ್ಲಿಗೆ ಬಣ್ಣದ ಗುರುತು. ಕೊನೆಗೆ ಒಂದು ಸಾಲು ಸೇರಿಸಿದ. ಪ್ರತಿ ಬಾವಿಯಲ್ಲಿ ನೀರು ಸೇದುವ ಹೆಂಗಸರನ್ನು, ಯಾವ ತಿಂಗಳು ಎಷ್ಟು ಹಗ್ಗ ಬೇಕಾಗುತ್ತದೆ ಎಂದು ಕೇಳಿ ಬರೆದುಕೊಳ್ಳಬೇಕು. ಇದನ್ನು ಓದಿ ಮೇಲಧಿಕಾರಿ ನಗುತ್ತಾನೆ ಎಂದು ಅವನಿಗೆ ಗೊತ್ತಿತ್ತು. ನಕ್ಕ ಮೇಲೆ ಅವನನ್ನು ಯಾವುದಾದರೂ ಮೂಲೆಗೆ ಎತ್ತಿ ಹಾಕಬಹುದು ಎಂದೂ ಗೊತ್ತಿತ್ತು. ಹಾಳೆಯ ಕೆಳಗೆ ಹೆಸರು ಬರೆದು, ಲಕೋಟೆಗೆ ಅಂಟು ಹಚ್ಚಿದ.

ಬೆಳಿಗ್ಗೆ ಮಾದಮ್ಮ ಸೇದಿಕೊಟ್ಟ ನೀರನ್ನು ಶಾಂತಿನಾಥಯ್ಯನವರು ಎಂದಿನಂತೆ ಸೋಸಿದರು. ಬಟ್ಟೆಯನ್ನು ಚೆಂಬಿನ ಮೇಲೆ ಮಗುಚಿ, ಸೋಸಿದ ನೀರನ್ನು ಬೊಗಸೆಯಿಂದ ಹೊಯ್ದರು. ಚೆಂಬನ್ನು ಬಾವಿಗೆ ಇಳಿಬಿಟ್ಟರು. ಪ್ರಭಾಚಂದ್ರ ಕಟ್ಟೆಯ ಆ ಬದಿ ನಿಂತಿದ್ದ. ಪ್ರತಿದಿನ ಆ ಹೊತ್ತಿಗೆ ತೋಟದ ಕಡೆಯಿಂದ ಬೋರಿನ ಮೋಟಾರಿನ ಸದ್ದು ಬರುತ್ತಿತ್ತು. ಇವತ್ತು ಬರಲಿಲ್ಲ. ಅವನು ತಿರುಗಿ ನೋಡಿದ. ಪದ್ಮಕುಮಾರ ಹಿತ್ತಲ ಬೇಲಿಯ ಹತ್ತಿರ, ತೋಟಕ್ಕೆ ಹೊರಟವನು, ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ನಿಂತಿದ್ದ.

ನೇರಿಳೆ ಚೂರು ಕಲ್ಲನ್ನು ದಾಟಿ ಒಳಗೆ ಹೋಯಿತು. ಹಸಿರಂಚು ಹೋಯಿತು. ಅರಿಶಿನದ್ದು ಹೋಯಿತು. ಆಮೇಲೆ ಬರಿಯ ಹಗ್ಗ ಮೆಲ್ಲನೆ ಇಳಿಯಿತು. ಬಿಳಿಯ ಚೂರು ಕಲ್ಲಿನ ಅಂಚಿಗೆ ಬಂದು ನಿಂತಿತು. ಶಾಂತಿನಾಥಯ್ಯನವರು ದಾರ ಜಗ್ಗಲಿಲ್ಲ. ಕಣ್ಣು ಮುಚ್ಚಿ, ಹಗ್ಗವನ್ನು ಎರಡು ಬೆರಳುಗಳ ನಡುವೆ ಹಿಡಿದು ಕಾದರು. ಇನ್ನೂ ಒಂದು ಬೆರಳಿನಷ್ಟು ಬಿಟ್ಟರು.

ಆಮೇಲೆ ದಾರ ಜಗ್ಗಿ, ಕಣ್ಣು ತೆರೆದು, ಮಗನ ಮುಖ ನೋಡಿದರು.

ಪ್ರಭಾಚಂದ್ರ ಬಗ್ಗಿ ಬಾವಿಗೆ ಕಿವಿ ಕೊಟ್ಟಿದ್ದ. ನೀರು ಬೀಳುವ ಸದ್ದು ಕೇಳಿಸಲಿಲ್ಲ. ಕೆಳಗೆ, ಕತ್ತಲೆಯಲ್ಲಿ, ಬೆಳಕಿನ ಸಣ್ಣ ಬಿಲ್ಲೆಯೊಂದು ಅಲುಗಿ, ಅಗಲವಾಗಿ, ಮತ್ತೆ ಒಂದಾಯಿತು.